ಮಳೆ, ನೆಲ ಮತ್ತು ಮಲಪ್ರಭೆ

ಭೂಗೋಲದ ತರಗತಿಯ ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಮಲಪ್ರಭೆ ಒಂದು ತೆಳುವಾದ ನೀಲಿ ಗೆರೆ. ಉಗಮದಿಂದ ಸಂಗಮದವರೆಗೆ ಆ ಗೆರೆಯ ದಪ್ಪದಲ್ಲಿ ಹೆಚ್ಚುಕಡಿಮೆ ಇಲ್ಲ. ಶ್ರಾವಣಕ್ಕೊಂದು ಬಣ್ಣ, ಚೈತ್ರಕ್ಕೊಂದು ಬಣ್ಣ ಎಂಬ ಭೇದವೂ ಇಲ್ಲ. ಆದರೆ ನದಿಯ ದಂಡೆಯ ಊರುಗಳಲ್ಲಿ ಹುಟ್ಟಿ ಬೆಳೆದವರು ಬಲ್ಲ ಮಲಪ್ರಭೆ ಇಂಥದಲ್ಲ. ಖಾನಾಪುರದ ಸೇತುವೆಯ ಕೆಳಗೆ ಆರಿದ್ರಾ ಮಳೆಗೆ ಕೆಂಪಾಗಿ ಭೋರ್ಗರೆಯುವ ನದಿಯೇ ರಾಮದುರ್ಗದ ಆಚೆ ಮಾಘಮಾಸದಲ್ಲಿ ಉಸುಕಿನ ಹಾಸಾಗಿ ಬಿದ್ದಿರುತ್ತದೆ. ಕೆಲವು ವರ್ಷ ದಂಡೆಯ ಜನ ಹನಿ ನೀರಿಗಾಗಿ ಪಾತ್ರದಲ್ಲಿ ಒರತೆ ತೋಡುತ್ತಾರೆ. ಮತ್ತೆ ಕೆಲವು ವರ್ಷ ಅದೇ ಜನ ಮನೆಯ ಮಾಳಿಗೆಯನ್ನೇರಿ ದೋಣಿಯ ದಾರಿ ಕಾಯುತ್ತಾರೆ. ಒಂದೇ ನದಿಗೆ ಇಷ್ಟೊಂದು ರೂಪಗಳು ಏಕೆ? ಈ ಪ್ರಶ್ನೆಗೆ ಉತ್ತರ ಮುಗಿಲಿನಲ್ಲಿ ಅರ್ಧ, ನೆಲದಲ್ಲಿ ಅರ್ಧ ಅಡಗಿದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಮೊದಲನೆಯ ಅರ್ಧವನ್ನು ವಿಸ್ತಾರವಾಗಿಯೂ ಎರಡನೆಯದನ್ನು ಎರಡೇ ವಾಕ್ಯಗಳಲ್ಲಿಯೂ ಹೇಳಿ ಮುಗಿಸುತ್ತವೆ. ನಾಡಿನ ಒಂದು ನದಿಯನ್ನೇ ಹಿಡಿದು ಎರಡನ್ನೂ ಕೂಡಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮಲಪ್ರಭೆ ಹುಟ್ಟುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 792 ಮೀಟರ್ ಎತ್ತರದಲ್ಲಿ. ಅದು ಕೃಷ್ಣೆಯನ್ನು ಸೇರುವುದು ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ, ಸುಮಾರು 488 ಮೀಟರ್ ಎತ್ತರದಲ್ಲಿ. ನಡುವಿನ ಹಾದಿ ಸುಮಾರು 304 ಕಿಲೋಮೀಟರ್. ಲೆಕ್ಕ ಹಾಕಿದರೆ ನದಿ ಸರಾಸರಿಯಲ್ಲಿ ಕಿಲೋಮೀಟರಿಗೆ ಒಂದು ಮೀಟರ್‌ನಷ್ಟು ಇಳಿಯುತ್ತದೆ. ವಿದ್ಯಾರ್ಥಿಗಳಿಗೆ ನೆನಪಿನಲ್ಲಿ ಉಳಿಯುವಂಥ ಸುಲಭದ ಲೆಕ್ಕವಿದು. ಆದರೆ ಸರಾಸರಿ ಎಂಬುದು ಎಷ್ಟನ್ನು ತೋರಿಸುತ್ತದೆಯೋ ಅಷ್ಟನ್ನೇ ಮುಚ್ಚಿಡುತ್ತದೆ ಎಂಬುದನ್ನೂ ಅವರಿಗೆ ಹೇಳಿಕೊಡಬೇಕು. ಇಳಿಜಾರಿನ ಹೆಚ್ಚಿನ ಪಾಲು ಮೇಲ್ಭಾಗದ ಕಾಡುಗುಡ್ಡಗಳಲ್ಲೇ ತೀರಿಹೋಗುತ್ತದೆ. ಕೆಳಗಿನ ಬಯಲಿನಲ್ಲಿ ನದಿ ಅವಸರವಿಲ್ಲದೆ ಅಂಕುಡೊಂಕಾಗಿ ಸಾಗುತ್ತದೆ.

ಮೊದಲು ಮಳೆಯ ವಿಚಾರ. ಜೂನ್ ತಿಂಗಳ ಮೊದಲ ವಾರದ ಹೊತ್ತಿಗೆ ಅರಬ್ಬಿ ಸಮುದ್ರದ ಮೇಲಿಂದ ತೇವ ತುಂಬಿದ ಗಾಳಿ ನೈಋತ್ಯದಿಂದ ಬೀಸತೊಡಗುತ್ತದೆ. ಕರಾವಳಿಯ ಕಿರಿದಾದ ಪಟ್ಟಿಯನ್ನು ದಾಟಿದೊಡನೆಯೇ ಅದಕ್ಕೆ ಸಹ್ಯಾದ್ರಿಯ ಗೋಡೆ ಎದುರಾಗುತ್ತದೆ. ಗಾಳಿ ಏರಲೇಬೇಕು, ಏರಿದಂತೆ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಒಣಗಾಳಿ ಪ್ರತಿ ಸಾವಿರ ಮೀಟರ್ ಏರಿಕೆಗೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣಿದರೆ, ಮೋಡ ಕಟ್ಟಿದ ತೇವದ ಗಾಳಿ 6 ಡಿಗ್ರಿಯ ಆಸುಪಾಸಿನಲ್ಲಿ ತಣಿಯುತ್ತದೆ; ಏಕೆಂದರೆ ಆವಿ ನೀರಾಗುವಾಗ ತನ್ನೊಳಗಿನ ಉಷ್ಣವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ತಣಿದ ಗಾಳಿ ತನ್ನ ಹೊರೆಯನ್ನು ಹೊರಲಾರದೆ ಅಲ್ಲಿಯೇ ಸುರಿದುಬಿಡುತ್ತದೆ. ಘಟ್ಟದ ನೆತ್ತಿಯನ್ನು ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಕುಗ್ಗಿ ಬಿಸಿಯಾಗುತ್ತದೆ, ಉಳಿದ ಮೋಡಗಳೂ ಚದುರುತ್ತವೆ. ಹೀಗೆ ಬೆಟ್ಟದ ಬೆನ್ನಿನಾಚೆ ಮಳೆಯ ಮರೆಯ ನಾಡು ಉಂಟಾಗುತ್ತದೆ.

ಇದರ ಪರಿಣಾಮವನ್ನು ಮಲಪ್ರಭೆಯ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಕಾಣಬಹುದು. ಕಣಕುಂಬಿಯ ಸುತ್ತಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಖಾನಾಪುರ ಪಟ್ಟಣಕ್ಕೆ ಬರುವಷ್ಟರಲ್ಲಿ ಅದು ಬಹುಮಟ್ಟಿಗೆ ಅರ್ಧವಾಗಿರುತ್ತದೆ. ಸವದತ್ತಿ, ಬಾದಾಮಿ, ರೋಣಗಳ ಕಡೆ ಸುಮಾರು 600 ಮಿಲಿಮೀಟರ್ ಬಂದರೆ ರೈತ ಸಂತೃಪ್ತ. ಎಂದರೆ ಮುನ್ನೂರು ಕಿಲೋಮೀಟರ್ ಉದ್ದದ ನದಿಗೆ ಧಾರಾಳವಾಗಿ ಮಳೆ ದೊರೆಯುವುದು ಮೇಲ್ತುದಿಯ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ. ಆ ಪಟ್ಟಿಯಲ್ಲಿ ಪುನರ್ವಸು, ಪುಷ್ಯ ಮಳೆಗಳು ಕೈಕೊಟ್ಟರೆ ಕೆಳಗೆ ಎಷ್ಟು ಸುರಿದರೂ ಆ ಕೊರತೆ ಪೂರ್ತಿಯಾಗಿ ತುಂಬುವುದಿಲ್ಲ. ನೆರೆಯ ಘಟಪ್ರಭೆಯ ಸ್ಥಿತಿ ಇದಕ್ಕಿಂತ ವಾಸಿ. ಅದರ ಉಪನದಿಯಾದ ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯ ಬಳಿ; ಅಲ್ಲಿಯ ವಾರ್ಷಿಕ ಮಳೆ ಸುಮಾರು 7000 ಮಿಲಿಮೀಟರ್. ಒಂದೇ ಘಟ್ಟ, ಒಂದೇ ಗಾಳಿ. ಆದರೆ ಅಕ್ಕತಂಗಿಯರಂತೆ ಅಕ್ಕಪಕ್ಕದಲ್ಲಿ ಹರಿಯುವ ಎರಡು ನದಿಗಳ ತವರಿನ ಬಳುವಳಿ ಬೇರೆ ಬೇರೆ.

ಕಣಕುಂಬಿಯ ನೆಲದಲ್ಲಿ ಇನ್ನೊಂದು ವಿಶೇಷ ಉಂಟು. ಅಲ್ಲಿಂದ ಪಶ್ಚಿಮಕ್ಕೆ ನೇರವಾಗಿ ಗೆರೆ ಎಳೆದರೆ ಅರಬ್ಬಿ ಸಮುದ್ರ ಐವತ್ತು ಅರವತ್ತು ಕಿಲೋಮೀಟರಿಗಿಂತ ದೂರವಿಲ್ಲ. ಆದರೂ ಮಲಪ್ರಭೆ ಆ ಸಮುದ್ರಕ್ಕೆ ಬೆನ್ನು ತಿರುಗಿಸಿ, ಕೃಷ್ಣೆಯನ್ನು ಕೂಡಿ, ಇಡೀ ದಖ್ಖನವನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಕಣಕುಂಬಿಯ ಪರಿಸರದಲ್ಲಿ ಹುಟ್ಟುವ ಕಳಸಾ ಹಳ್ಳ ಮಾತ್ರ ಪಶ್ಚಿಮಕ್ಕೆ ಹೊರಳಿ ಮಹಾದಾಯಿಯ ಪಾಲಾಗುತ್ತದೆ. ಮಹಾದಾಯಿ ಗೋವೆಯಲ್ಲಿ ಮಾಂಡೋವಿ ಎಂಬ ಹೆಸರಿನಿಂದ ಹರಿದು ಪಣಜಿಯ ಬಳಿ ಕಡಲನ್ನು ಸೇರುತ್ತದೆ. ಒಂದೇ ಮೋಡದಿಂದ ಬಿದ್ದ ಎರಡು ಹನಿಗಳು ನೆಲದ ಒಂದು ಸಣ್ಣ ದಿಣ್ಣೆಯ ಆಚೆ ಈಚೆ ಬಿದ್ದ ಕಾರಣಕ್ಕೆ ಎರಡು ಸಮುದ್ರಗಳನ್ನು ಸೇರುತ್ತವೆ. ನೀರು ಹೊರಳುವ ಈ ದಿಣ್ಣೆಯೇ ಜಲವಿಭಾಜಕ. ಅದರ ಒಂದು ಮಗ್ಗುಲಿನ ನೀರನ್ನೆಲ್ಲ ಕೂಡಿಸಿಕೊಡುವ ನೆಲವೇ ನದಿಯ ಜಲಾನಯನ ಭೂಮಿ. ಮಲಪ್ರಭೆಯ ಜಲಾನಯನ ಭೂಮಿ ಸುಮಾರು 11,549 ಚದರ ಕಿಲೋಮೀಟರ್.

ಈ ದಿಣ್ಣೆಯ ಮಹತ್ವ ಕೇವಲ ಶಾಸ್ತ್ರದ್ದಲ್ಲ. ಪಶ್ಚಿಮಕ್ಕೆ ಹೊರಳುವ ಕಳಸಾ ಮತ್ತು ಬಂಡೂರಿ ಹಳ್ಳಗಳ ನೀರಿನಲ್ಲಿ ಸ್ವಲ್ಪ ಭಾಗವನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಬೇಡಿಕೆಯ ಹಿಂದಿರುವುದೂ ಇದೇ ಭೂರಚನೆ. ಮಹಾದಾಯಿ ನ್ಯಾಯಾಧಿಕರಣ 2018ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಕರ್ನಾಟಕಕ್ಕೆ 13.42 ಟಿ.ಎಂ.ಸಿ. ನೀರು ಹಂಚಿಕೆಯಾಯಿತು, ಅದರಲ್ಲಿ ಕಳಸಾದಿಂದ 1.72, ಬಂಡೂರಿಯಿಂದ 2.18, ಒಟ್ಟು 3.90 ಟಿ.ಎಂ.ಸಿ. ಮಲಪ್ರಭೆಗೆ ತಿರುಗಿಸಿಕೊಳ್ಳಲೆಂದು ನಿಗದಿಯಾಯಿತು. ಘಟ್ಟದ ಕೆಳಗಿನವರಿಗೂ ಆ ನೀರಿನ ಮೇಲೆ ಬಾಳು, ಕಾಡು, ಹೊಳೆಯ ಉಪ್ಪುನೀರಿನ ಮಿತಿ ಮೊದಲಾದವು ನಿಂತಿರುವುದರಿಂದ ವಿವಾದ ಸರಳವಾದುದಲ್ಲ. ಬೇಡಿಕೆ ಹುಟ್ಟಿದ್ದಾದರೂ ಏಕೆ ಎಂಬುದನ್ನು ತಿಳಿಯಲು ನದಿಯ ಜೊತೆ ಇನ್ನಷ್ಟು ಕೆಳಗೆ ಸಾಗಬೇಕು. ಅದಕ್ಕೆ ಮುನ್ನ ಅಳತೆಯ ಮಾತು ಒಂದಿಷ್ಟು.

ಟಿ.ಎಂ.ಸಿ. ಎಂಬ ಪದ ಪತ್ರಿಕೆಗಳಲ್ಲಿ ಪ್ರತಿನಿತ್ಯ ಕಾಣಿಸಿಕೊಂಡರೂ ಅದರ ಗಾತ್ರ ಬಹು ಜನರ ಕಲ್ಪನೆಗೆ ನಿಲುಕುವುದಿಲ್ಲ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿಯುವ ನೀರು ಒಂದು ಕ್ಯೂಸೆಕ್; ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ 11,574 ಕ್ಯೂಸೆಕ್ ಹರಿವು ಒಂದು ಹಗಲು ಒಂದು ರಾತ್ರಿ ಬಿಡದೆ ಬಂದರೆ ಒಂದು ಟಿ.ಎಂ.ಸಿ. ಆಗುತ್ತದೆ. ಮಳೆಯ ಕಡೆಯಿಂದಲೂ ಲೆಕ್ಕ ಮಾಡಬಹುದು. ಒಂದು ಚದರ ಕಿಲೋಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಹತ್ತು ಲಕ್ಷ ಲೀಟರ್ ನೀರು. ಸಾವಿರ ಚದರ ಕಿಲೋಮೀಟರ್ ನೆಲದ ಮೇಲೆ 100 ಮಿಲಿಮೀಟರ್ ಬಿದ್ದರೆ ಹತ್ತು ಕೋಟಿ ಘನ ಮೀಟರ್, ಅಂದರೆ ಸುಮಾರು ಮೂರೂವರೆ ಟಿ.ಎಂ.ಸಿ. ಇಷ್ಟೂ ನೀರು ನದಿಗೆ ಬರುತ್ತದೆಯೆಂದು ಭಾವಿಸಿದರೆ ಮಾತ್ರ ದೊಡ್ಡ ತಪ್ಪಾಗುತ್ತದೆ. ಮಳೆಗೂ ನದಿಗೂ ನಡುವೆ ಒಬ್ಬ ಲೆಕ್ಕಿಗನಿದ್ದಾನೆ. ಅವನೇ ನೆಲ.

ಬಿದ್ದ ಹನಿಯಲ್ಲಿ ಸ್ವಲ್ಪವನ್ನು ಎಲೆಗಳೇ ತಡೆದು ಗಾಳಿಗೆ ಮರಳಿಸುತ್ತವೆ. ಸ್ವಲ್ಪವನ್ನು ಮಣ್ಣು ಕುಡಿದು ಬೇರುಗಳಿಗೆ ಊಡಿಸುತ್ತದೆ. ಸ್ವಲ್ಪ ಇನ್ನೂ ಆಳಕ್ಕಿಳಿದು ಬಂಡೆಯ ಸಂದುಗಳಲ್ಲಿ ಅಂತರ್ಜಲವಾಗುತ್ತದೆ. ಇವೆಲ್ಲ ಆಗಿ ಮಿಕ್ಕಿದ್ದು ನೆಲದ ಮೇಲೆ ಹರಿದು ಹಳ್ಳ ಸೇರುತ್ತದೆ. ತೊಯ್ದು ತಣಿದ ಘಟ್ಟದ ನೆಲದಲ್ಲಿ ಆಷಾಢದ ನಡುವಿನ ಒಂದು ಮಳೆಯ ಅರ್ಧಕ್ಕಿಂತ ಹೆಚ್ಚು ಪಾಲು ಹಳ್ಳಕ್ಕೆ ಇಳಿಯಬಲ್ಲುದು. ಬೇಸಿಗೆಯಲ್ಲಿ ಬಾಯಿಬಿಟ್ಟ ಬಯಲಿನ ನೆಲದಲ್ಲಿ ಅಷ್ಟೇ ಮಳೆಯ ಹತ್ತನೆಯ ಒಂದು ಪಾಲೂ ಹರಿಯದೆ ಹೋಗಬಹುದು. ಮೇಲಿನ ಉದಾಹರಣೆಗೆ ಇದನ್ನು ಅನ್ವಯಿಸಿ, ನೂರಕ್ಕೆ ಅರವತ್ತರಂತೆ ಹಿಡಿದರೆ ಎರಡು ಟಿ.ಎಂ.ಸಿ.ಗೆ ತುಸು ಹೆಚ್ಚು, ನೂರಕ್ಕೆ ಹತ್ತರಂತೆ ಹಿಡಿದರೆ ಅರ್ಧ ಟಿ.ಎಂ.ಸಿ.ಯೂ ಇಲ್ಲ. ಮಳೆ ಅದೇ, ವಿಸ್ತೀರ್ಣ ಅದೇ. ನದಿಗೆ ದೊರೆತದ್ದು ಆರರಲ್ಲಿ ಒಂದು ಪಾಲು. ಆದುದರಿಂದ ಮಳೆಮಾಪಕದ ಅಂಕಿಯೊಂದನ್ನೇ ನೋಡಿ ನದಿಯ ಹರಿವನ್ನು ಹೇಳುವುದು, ಗಳಿಕೆಯನ್ನು ಮಾತ್ರ ಕೇಳಿ ಒಬ್ಬನ ಉಳಿತಾಯವನ್ನು ಹೇಳಿದಂತೆ.

ಖಾನಾಪುರದ ಮೇಲ್ಭಾಗದ ನೆಲ ಬಹುಮಟ್ಟಿಗೆ ಜಂಬಿಟ್ಟಿಗೆ ಮತ್ತು ಕೆಂಪು ಮಣ್ಣಿನದು. ಜಂಬಿಟ್ಟಿಗೆ ಕಲ್ಲು ಜೇನುಹುಟ್ಟಿನಂತೆ ರಂಧ್ರಮಯ. ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹನಿಹನಿಯಾಗಿ ಒಸರುತ್ತದೆ. ಅದರ ಮೇಲೆ ಕಾಡಿದ್ದರೆ, ಉದುರಿದ ಎಲೆಯ ಹಾಸು ಹನಿಯ ಹೊಡೆತವನ್ನು ತಡೆದು ನೀರು ಇಂಗಲು ಅವಕಾಶ ಕೊಡುತ್ತದೆ. ಮಳೆ ನಿಂತ ಮೇಲೂ ಹೊಳೆಯಲ್ಲಿ ತಿಳಿನೀರು ಹರಿಯುವುದಕ್ಕೆ ಕಾರಣ ಈ ಒಸರು. ಶಾಸ್ತ್ರಜ್ಞರು ಇದನ್ನು ಮೂಲಹರಿವು ಎನ್ನುತ್ತಾರೆ. ಕೆಂಪು ನೀರು ಮಳೆಯದು, ತಿಳಿನೀರು ನೆಲದ್ದು ಎಂದು ಸ್ಥೂಲವಾಗಿ ಹೇಳಿದರೆ ಐದನೆಯ ಇಯತ್ತೆಯ ಹುಡುಗನಿಗೂ ಅರ್ಥವಾದೀತು.

ಬೈಲಹೊಂಗಲದ ಬಯಲುಗಳನ್ನು ದಾಟಿ ಸವದತ್ತಿಯ ಕಡೆಗೆ ಬಂದಂತೆ ನದಿಗೆ ಗಟ್ಟಿಯಾದ ಮರಳುಗಲ್ಲಿನ ಗುಡ್ಡಸಾಲು ಅಡ್ಡಬರುತ್ತದೆ. ಕಲಾದಗಿ ಶಿಲಾಸ್ತರಗಳೆಂದು ಭೂವಿಜ್ಞಾನದಲ್ಲಿ ಹೆಸರಾದ ಈ ಕಲ್ಲು ಅತಿ ಪುರಾತನವಾದುದು. ಬಾದಾಮಿಯ ಮೇಣಬಸದಿಗಳನ್ನು ಕೊರೆದಿರುವುದೂ, ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವುದೂ ಇದೇ ಬಳಗದ ಮರಳುಗಲ್ಲಿನಲ್ಲಿ. ಸುತ್ತಿ ಹೋಗುವುದರ ಬದಲು ಮಲಪ್ರಭೆ ಈ ಗುಡ್ಡವನ್ನು ಸೀಳಿಕೊಂಡೇ ಹೋಗಿದೆ. ನವಿಲೊಂದರ ಕೂಗನ್ನು ಕೇಳಿ ನದಿ ತಿರುಗಿ ಬೆಟ್ಟವನ್ನು ಸೀಳಿತೆಂದು ಸ್ಥಳೀಯ ಕಥೆ. ಅದಕ್ಕೇ ಅದು ನವಿಲುತೀರ್ಥ. ಇಂಥ ಕಂದರಗಳಿಗೆ ಭೂವಿಜ್ಞಾನ ಕೊಡುವ ವಿವರಣೆಯೂ ಕಥೆಗಿಂತ ಕಡಮೆ ಸ್ವಾರಸ್ಯದ್ದಲ್ಲ. ಹಿಂದೊಮ್ಮೆ ಗುಡ್ಡದ ಮೇಲೆಯೂ ಇತರ ಶಿಲೆಗಳ ಹೊದಿಕೆ ಇದ್ದು, ನದಿ ಆ ಹೊದಿಕೆಯ ಮೇಲೆ ತನ್ನ ದಾರಿಯನ್ನು ಆಯ್ದುಕೊಂಡಿರುತ್ತದೆ. ಹೊದಿಕೆ ಸವೆದು ಗಟ್ಟಿಕಲ್ಲು ಎದುರಾದಾಗ ದಾರಿ ಬದಲಿಸಲಾರದೆ ಗರಗಸದಂತೆ ಅಲ್ಲಿಯೇ ಕೊರೆಯುತ್ತ ಇಳಿಯುತ್ತದೆ. ಗುಡ್ಡ ಅಡ್ಡ ಬಂದುದಲ್ಲ, ನದಿಯ ಕೆಳಗಿನಿಂದ ಹೊರಬಿದ್ದುದು.

ಅಣೆಕಟ್ಟಿಗೆ ಇದಕ್ಕಿಂತ ಪ್ರಶಸ್ತವಾದ ಸ್ಥಳ ದೊರೆಯುವುದು ವಿರಳ. ತುಂಗಭದ್ರೆಗೆ ಅಡ್ಡಲಾಗಿ ಎರಡೂವರೆ ಕಿಲೋಮೀಟರಿಗೆ ಸಮೀಪದಷ್ಟು ಉದ್ದದ ಕಟ್ಟೆ ಬೇಕಾಯಿತು. ನವಿಲುತೀರ್ಥದಲ್ಲಿ ಕೇವಲ ಸುಮಾರು 155 ಮೀಟರ್ ಉದ್ದದ ಕಟ್ಟೆಯ ಹಿಂದೆ 37.73 ಟಿ.ಎಂ.ಸಿ. ನೀರು ನಿಲ್ಲುವಂಥ ರೇಣುಕಾಸಾಗರ ರೂಪುಗೊಂಡಿತು. 1970ರ ದಶಕದಲ್ಲಿ ಅದು ಸಿದ್ಧವಾದಾಗ ನವಲಗುಂದ, ನರಗುಂದ, ರಾಮದುರ್ಗ, ರೋಣಗಳ ರೈತರು ಎರೆಹೊಲದಲ್ಲಿ ನೀರಿನ ಬೆಳೆ ಕಾಣುವ ಕನಸು ಕಂಡರು. ಕಂದರ ಕಟ್ಟೆಯನ್ನು ಕೊಟ್ಟಿತು, ಬಯಲು ಹೊಲವನ್ನು ಕೊಟ್ಟಿತು. ಆದರೆ ನೀರನ್ನು ಕೊಡಬೇಕಾದುದು ಖಾನಾಪುರದ ಆ ಕಿರಿದಾದ ಮಳೆಪಟ್ಟಿ. ಜಲಾಶಯ ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚಾದವು. ಮೇಲೆ ಹೇಳಿದ ಲೆಕ್ಕದಂತೆ, ಸಾವಿರ ಚದರ ಕಿಲೋಮೀಟರ್ ಘಟ್ಟದ ನೆಲದ ಮೇಲೆ ನೂರು ಮಿಲಿಮೀಟರಿನ ಮಳೆ ಹದಿನೇಳು ಹದಿನೆಂಟು ಬಾರಿ ಬಿದ್ದು, ಪ್ರತಿ ಬಾರಿಯೂ ನೂರಕ್ಕೆ ಅರವತ್ತರಷ್ಟು ಹರಿದು ಬಂದರೆ ಮಾತ್ರ ಅಷ್ಟು ದೊಡ್ಡ ಕೆರೆ ತುಂಬೀತು. ಕಾಲುವೆಯ ತುದಿಯ ಹೊಲಗಳಿಗೆ ನೀರು ತಲುಪಲಿಲ್ಲ. ಆದರೆ ನೀರಿನ ಕರ, ಅಭಿವೃದ್ಧಿ ಕರಗಳ ಬೇಡಿಕೆ ತಲುಪಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರ ಚಳವಳಿ ಗೋಲೀಬಾರಿನಲ್ಲಿ ರಕ್ತಸಿಕ್ತವಾದುದು, ಅಲ್ಲಿಂದ ರಾಜ್ಯದ ರೈತ ಸಂಘಟನೆಗೆ ಹೊಸ ಬಲ ಬಂದುದು ಇತಿಹಾಸ. ಆ ಚಳವಳಿಗೆ ಕಾರಣಗಳು ಹಲವಿದ್ದವು. ಅವುಗಳಲ್ಲಿ ಒಂದು ಭೂಗೋಲದ್ದೆಂಬುದನ್ನು ಮರೆಯಲಾಗದು.

ಅಣೆಕಟ್ಟಿನ ಕೆಳಗೆ ನದಿ ಬೇರೊಂದು ಲೋಕವನ್ನು ಹೊಗುತ್ತದೆ. ಇದು ಎರೆಭೂಮಿ. ಎರೆಮಣ್ಣಿನ ಸ್ವಭಾವವನ್ನು ಈ ಭಾಗದ ಒಕ್ಕಲಿಗನಿಗೆ ಯಾರೂ ಕಲಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಅದು ಕಾಲು ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರುಕುಬಿಡುತ್ತದೆ. ಮೊದಲ ಮಳೆಗಳೆಲ್ಲ ಆ ಬಿರುಕುಗಳಲ್ಲಿಯೇ ಮಾಯವಾಗುತ್ತವೆ. ಹಳ್ಳಕ್ಕೆ ಹನಿಯೂ ಬರುವುದಿಲ್ಲ. ಆಮೇಲೆ ಮಣ್ಣಿನ ಅತಿ ಸೂಕ್ಷ್ಮವಾದ ಜೇಡಿಕಣಗಳು ನೀರು ಹೀರಿ ಉಬ್ಬುತ್ತವೆ, ಬಿರುಕುಗಳು ಮುಚ್ಚುತ್ತವೆ, ಇಡೀ ಹೊಲ ಬೆಣ್ಣೆ ಸವರಿದಂತೆ ಆಗುತ್ತದೆ. ಅನಂತರ ಬಿದ್ದ ಮಳೆ ಇಂಗಲು ದಾರಿಯಿಲ್ಲ. ಒಂದೇ ನೆಲ ಜ್ಯೇಷ್ಠದಲ್ಲಿ ಜರಡಿ, ಭಾದ್ರಪದದಲ್ಲಿ ಪರಾತ! ಎರೆಯ ನಾಡಿನ ಹಳ್ಳಗಳು ವರ್ಷವಿಡೀ ಒಣಗಿದ್ದು ಹಠಾತ್ತನೆ ಉಕ್ಕುವುದರ ರಹಸ್ಯ ಇದು. ವಿಜಯಪುರ ಜಿಲ್ಲೆಯ ಡೋಣಿಯದೂ ಇದೇ ಗುಣ. ಮಲಪ್ರಭೆಯ ಬಲದಂಡೆಗೆ ಬಂದು ಸೇರುವ ಬೆಣ್ಣೆಹಳ್ಳದ್ದೂ ಇದೇ ಗುಣ. ಬೆಣ್ಣೆಹಳ್ಳ ಹುಟ್ಟುವುದು ಶಿಗ್ಗಾಂವಿ ತಾಲೂಕಿನ ದುಂಡಶಿಯ ಕಡೆ; ಹುಬ್ಬಳ್ಳಿಯ ಸೀಮೆಯನ್ನೂ ನವಲಗುಂದದ ಎರೆಬಯಲನ್ನೂ ಹಾಯ್ದು, ದಾರಿಯಲ್ಲಿ ತುಪ್ಪರಿಹಳ್ಳವನ್ನು ಕೂಡಿಸಿಕೊಂಡು ಬರುತ್ತದೆ. ಬೆಣ್ಣೆ, ತುಪ್ಪಗಳ ಹೆಸರು ಹೊತ್ತ ಈ ಹಳ್ಳಗಳು ಉಕ್ಕಿ ಬಂದಾಗ ಮಾತ್ರ ಅಷ್ಟು ಮೃದುವಾಗಿರುವುದಿಲ್ಲ.

ಮಳೆ ಎಷ್ಟು ಬಿತ್ತು ಎಂಬುದಕ್ಕಿಂತ ಎಲ್ಲಿ ಬಿತ್ತು, ಯಾವಾಗ ಬಿತ್ತು ಎಂಬುದೇ ಹೆಚ್ಚಿನ ಪ್ರಶ್ನೆ ಎಂಬುದಕ್ಕೆ ಎರಡು ಮಹಾಪೂರಗಳ ದೃಷ್ಟಾಂತ ಸಾಕು. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಹಸ್ತಾ ಮಳೆಯ ದಿನಗಳಲ್ಲಿ, ಬಂಗಾಳ ಕೊಲ್ಲಿಯ ಕಡೆಯ ವಾಯುಭಾರ ಕುಸಿತದಿಂದ ಬಾಗಲಕೋಟೆ, ವಿಜಯಪುರ, ಗದಗ, ರಾಯಚೂರು ಜಿಲ್ಲೆಗಳ ಬಯಲಿನ ಮೇಲೆಯೇ ಕೆಲವೇ ದಿನಗಳಲ್ಲಿ ಭೀಕರ ಮಳೆ ಸುರಿಯಿತು. ಮೊದಲು ಬಿದ್ದ ಮಳೆಗೆ ಎರೆನೆಲ ಉಬ್ಬಿ ಬಾಯಿ ಮುಚ್ಚಿಕೊಂಡಿತ್ತು. ನದಿಗಿಂತ ಮೊದಲು ಹಳ್ಳಗಳೇ ಊರುಗಳನ್ನು ನುಗ್ಗಿದವು. ಮಣ್ಣಿನ ಮಾಳಿಗೆಯ ಮನೆಗಳು, ಕಡಮೆ ಮಳೆಯ ನಾಡಿಗೆಂದೇ ಕಟ್ಟಿದವು, ನೆನೆದು ಕುಸಿದವು. ಅಲ್ಲಿಂದ ಇಳಿದ ನೀರೂ ತುಂಗಭದ್ರೆಯ ನೀರೂ ಕೂಡಿ ಅಕ್ಟೋಬರ್ 2ರ ಸುಮಾರಿಗೆ ಆಂಧ್ರದ ಶ್ರೀಶೈಲ ಜಲಾಶಯಕ್ಕೆ ಸುಮಾರು 25 ಲಕ್ಷ ಕ್ಯೂಸೆಕ್ ಹರಿವು ಬಂದಿತು; ಮಂತ್ರಾಲಯ, ಕರ್ನೂಲುಗಳು ಮುಳುಗಿದವು.

ಹತ್ತು ವರ್ಷಗಳ ತರುವಾಯ, 2019ರ ಆಗಸ್ಟ್ ಮೊದಲ ವಾರದಲ್ಲಿ, ಆಶ್ಲೇಷಾ ಮಳೆಯಲ್ಲಿ ಬಂದ ಪೂರದ ಬಗೆಯೇ ಬೇರೆ. ಆಗ ಮಳೆ ಸುರಿದುದು ಘಟ್ಟದಲ್ಲಿ, ಬೆಳಗಾವಿ ಖಾನಾಪುರಗಳ ಸೀಮೆಯಲ್ಲಿ. ರಾಮದುರ್ಗ, ನರಗುಂದ, ರೋಣ, ಬಾದಾಮಿಗಳ ದಂಡೆಯ ರೈತ ತನ್ನ ಹೊಲದ ಮೇಲಿನ ಮುಗಿಲನ್ನು ಮಾತ್ರ ನೋಡಿ ನದಿಯನ್ನು ಅಳೆಯುವಂತಿರಲಿಲ್ಲ. ಕೆಲವೇ ದಿನಗಳಲ್ಲಿ ರೇಣುಕಾಸಾಗರ ತುಂಬಿತು. ತುಂಬಿದ ಮೇಲೆ ಬಂದಷ್ಟನ್ನೂ ಬಿಡದೆ ಗತ್ಯಂತರವಿಲ್ಲ. ವರ್ಷಾನುಗಟ್ಟಲೆ ನೀರು ಕಾಣದ ಕೆಳಪಾತ್ರ ಅಷ್ಟರಲ್ಲಿ ಕಿರಿದಾಗಿತ್ತು. ಒಣಗಿದ ನದಿಯೊಳಗೆ ಬಳ್ಳಾರಿ ಜಾಲಿ ಬೆಳೆದಿತ್ತು. ಉಳುಮೆಯೂ ದಂಡೆಯಿಂದ ಪಾತ್ರದೊಳಕ್ಕೆ ಇಳಿದಿತ್ತು. ನದಿ ತನ್ನ ಹಳೆಯ ಅಗಲವನ್ನು ಮರಳಿ ಕೇಳಿದಾಗ ಆ ಜಾಗದಲ್ಲಿ ಬೆಳೆಯೂ ಮನೆಯೂ ಇದ್ದವು. ಪಟ್ಟದಕಲ್ಲಿನ ಚಾಲುಕ್ಯ ದೇವಾಲಯಗಳ ಅಂಗಳದಲ್ಲಿ ನೀರು ನಿಂತಿತು. ಮಳೆಯ ಮರೆಯ ನಾಡೆಂದು ಭೂಗೋಲದ ಪುಸ್ತಕ ಹೇಳುವ ಊರುಗಳಲ್ಲಿಯೇ ಇಷ್ಟೆಲ್ಲ ನಡೆದುದನ್ನು ಉಪಾಧ್ಯಾಯರು ತರಗತಿಯಲ್ಲಿ ಒತ್ತಿ ಹೇಳಬೇಕು. ಮಳೆಯ ಮರೆಯಲ್ಲಿ ಊರಿರಬಹುದು. ನದಿಯ ಮರೆಯಲ್ಲಿ ಇಲ್ಲ.

ಪೂರದ ಮಾತು ಕಿವಿಗೆ ಬೇಗ ಬೀಳುತ್ತದೆ, ಬತ್ತಿಹೋಗುವುದರ ಮಾತು ಬೀಳುವುದಿಲ್ಲ. ಅದು ಸದ್ದಿಲ್ಲದೆ ನಡೆಯುವ ಕೆಲಸ. ಮಳೆ ನಿಂತ ಮೇಲೆ ನದಿಯನ್ನು ಸಾಕುವುದು ಮೂಲಹರಿವೆಂದು ಮೇಲೆ ಹೇಳಿದ್ದಾಯಿತು. ಬಾವಿಯ ನೀರೂ ನದಿಯ ಒಸರೂ ಬೇರೆ ಬೇರೆ ಗಂಟುಗಳಲ್ಲ. ಒಂದೇ ಗಂಟಿಗೆ ಎರಡು ಬಾಯಿ. ನದಿಯ ಮೇಲ್ಭಾಗದಲ್ಲಿ ಕೊಳವೆ ಬಾವಿಗಳು ಹೆಚ್ಚಿ, ಕಬ್ಬಿನಂಥ ವರ್ಷವಿಡೀ ನೀರು ಬೇಡುವ ಬೆಳೆ ಹಬ್ಬಿದಂತೆ ಅಂತರ್ಜಲದ ಮಟ್ಟ ನದಿಯ ಪಾತ್ರಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ನೆಲ ನದಿಗೆ ನೀರು ಕೊಡುವುದರ ಬದಲು ನದಿಯೇ ನೆಲಕ್ಕೆ ನೀರು ತೆರಬೇಕಾಗುತ್ತದೆ. ಮಳೆಯಲ್ಲಿ ಒಂದು ಮಿಲಿಮೀಟರ್‌ನಷ್ಟು ಕೊರತೆಯಾಗದಿದ್ದರೂ ಹರಿವು ಕುಗ್ಗಬಲ್ಲುದು. ಹೀಗಾದಾಗ ಜನ ಸಾಮಾನ್ಯವಾಗಿ ಮುಗಿಲನ್ನು ದೂರುತ್ತಾರೆ. ಮುಗಿಲಿಗೆ ಉತ್ತರ ಕೊಡುವ ಅಭ್ಯಾಸವಿಲ್ಲ. ಇದಕ್ಕೆ ಪ್ರತಿಯಾಗಿ ಹೊಲದ ಒಡ್ಡು, ಬದು, ಕೆರೆಗಳು ಮಾಡುವ ಉಪಕಾರವನ್ನೂ ಅತಿಯಾಗಿ ಹೊಗಳಬಾರದು. ಒಡ್ಡು ಹಾಕಿದ ಹೊಲ ತನ್ನ ಮಳೆಯನ್ನು ತಾನೇ ಉಳಿಸಿಕೊಳ್ಳುತ್ತದೆ, ಮಣ್ಣು ಕೊಚ್ಚುವುದನ್ನು ತಡೆಯುತ್ತದೆ. ಎರೆನಾಡಿನ ಬಿಳಿಜೋಳಕ್ಕೆ ಅದೇ ಜೀವ. ಆದರೆ ಅಷ್ಟರ ಮಟ್ಟಿಗೆ ಕೆಳಗಿನ ಜಲಾಶಯಕ್ಕೆ ಹರಿಯುವ ನೀರು ಕಡಮೆಯಾಗುತ್ತದೆ ಎಂಬುದೂ ನಿಜ. ಜಲಾನಯನದ ಲೆಕ್ಕದಲ್ಲಿ ಒಬ್ಬರ ಜಮೆ ಮತ್ತೊಬ್ಬರ ಖರ್ಚು. ಕೇಳಲು ಹಿತವಾಗದಿದ್ದರೂ ಈ ಮಾತನ್ನು ಮಕ್ಕಳಿಂದ ಮುಚ್ಚಿಡಬಾರದು.

ಇವೆಲ್ಲವನ್ನೂ ಕರಿಹಲಗೆಯ ಮೇಲೆ ಬರೆದು ಕಲಿಸುವುದಕ್ಕಿಂತ ಅಳೆಸಿ ಕಲಿಸುವುದು ಮೇಲು. ಅದಕ್ಕೆ ದೊಡ್ಡ ವೆಚ್ಚವೂ ಬೇಕಿಲ್ಲ. ನೆಟ್ಟಗಿನ ಗೋಡೆಯ ಒಂದು ಡಬ್ಬಿ, ಒಂದು ಅಳತೆಪಟ್ಟಿ ಇದ್ದರೆ ಶಾಲೆಯ ಅಂಗಳದಲ್ಲಿ ಮಳೆ ಅಳೆಯಬಹುದು. ಗಿಡದ, ಮಾಡಿನ ಹತ್ತಿರ ಇಡಬಾರದು. ಹವಾಮಾನ ಇಲಾಖೆಯ ಪದ್ಧತಿಯಂತೆ ಪ್ರತಿದಿನ ಬೆಳಿಗ್ಗೆ 8 ಗಂಟೆ 30 ನಿಮಿಷಕ್ಕೆ ಓದಿ ಬರೆದಿಡಬೇಕು. ಎರಡು ತಗಡಿನ ತಟ್ಟೆಗಳನ್ನು ಓರೆಯಾಗಿ ಇಟ್ಟು, ಒಂದರಲ್ಲಿ ಹುಲ್ಲು ಬೆಳೆದ ಮಣ್ಣಿನ ಹೆಂಟೆಯನ್ನೂ ಇನ್ನೊಂದರಲ್ಲಿ ಬರಿ ಎರೆಮಣ್ಣನ್ನೂ ತುಂಬಿ, ಒಂದೇ ಅಳತೆಯ ನೀರನ್ನು ಜಾರಿಯಿಂದ ಹೊಯ್ದರೆ ಕೆಳಗೆ ಇಳಿದುಬರುವ ನೀರಿನ ಪ್ರಮಾಣದಲ್ಲಿಯೂ ಬಣ್ಣದಲ್ಲಿಯೂ ಉತ್ತರ ಕಾಣುತ್ತದೆ. ಎರೆಮಣ್ಣಿನ ತಟ್ಟೆಗೆ ಒಣಗಿದ್ದಾಗ ಒಮ್ಮೆ, ನೆನೆದ ಮೇಲೆ ಮತ್ತೊಮ್ಮೆ ಹೊಯ್ಯುವುದನ್ನು ಮರೆಯಬಾರದು. ಪಾಠದ ಸ್ವಾರಸ್ಯವೆಲ್ಲ ಆ ಎರಡನೆಯ ಸಲದಲ್ಲಿದೆ. ಹಳ್ಳ ಮೊಣಕಾಲುದ್ದ ಹರಿಯುವ ದಿನಗಳಲ್ಲಿ, ಹಿರಿಯರ ಕಾವಲಿನಲ್ಲಿ, ಹತ್ತು ಮೀಟರ್ ದೂರಕ್ಕೆ ಎರಡು ಗೂಟ ನೆಟ್ಟು ಮರದ ತುಂಡೊಂದನ್ನು ತೇಲಿಬಿಟ್ಟು ಗಡಿಯಾರ ನೋಡಿದರೆ ವೇಗ ತಿಳಿಯುತ್ತದೆ. ತಳದ ನೀರು ಮೇಲಿನದಕ್ಕಿಂತ ನಿಧಾನವಾದ್ದರಿಂದ ನೂರಕ್ಕೆ ಎಂಬತ್ತೈದರಷ್ಟು ಹಿಡಿದು, ಹಳ್ಳದ ಅಗಲ ಮತ್ತು ಸರಾಸರಿ ಆಳಗಳಿಂದ ಗುಣಿಸಿದರೆ ಹರಿವು ದೊರೆಯುತ್ತದೆ. ಹೀಗೆ ಹತ್ತು ವರ್ಷ ಬರೆದಿಟ್ಟ ಒಂದು ವಹಿ ಯಾವ ಶಾಲೆಯ ಗ್ರಂಥಾಲಯದಲ್ಲಿದ್ದರೂ ಅದು ಕೊಂಡುತಂದ ನೂರು ಪುಸ್ತಕಗಳಿಗೆ ಕಡಮೆಯಲ್ಲ. ಉದಾರಿಗಳಾದ ದಾನಿಗಳು ಒಂದು ಉತ್ತಮ ಮಳೆಮಾಪಕವನ್ನು ಕೊಡಿಸಿದರಂತೂ ಅಂಕಿಗಳ ಬೆಲೆ ಇನ್ನೂ ಹೆಚ್ಚುತ್ತದೆ.

ಬಾದಾಮಿ ತಾಲೂಕನ್ನು ಹೊಕ್ಕ ಮೇಲೆ ಮಲಪ್ರಭೆಗೆ ಮರಳುಗಲ್ಲಿನ ಗುಡ್ಡಗಳು ಮತ್ತೆ ಜೊತೆಯಾಗುತ್ತವೆ. ಪಟ್ಟದಕಲ್ಲಿನಲ್ಲಿ ಪೂರ್ವದ ದಾರಿಯನ್ನು ಬಿಟ್ಟು ಅದು ಉತ್ತರಕ್ಕೆ ಹೊರಳುತ್ತದೆ. ಉತ್ತರವಾಹಿನಿಯಾದ ಈ ತಾಣವನ್ನು ಹಿಂದಿನವರು ಪವಿತ್ರವೆಂದು ಬಗೆದರು. ಚಾಲುಕ್ಯರ ಸ್ಥಪತಿಗಳಿಗೆ ಕಲ್ಲೂ ನೀರೂ ಒಂದೆಡೆ ದೊರೆತವು. ಐಹೊಳೆಯನ್ನು ಹಾಯ್ದು, ಹುನಗುಂದದ ಸೀಮೆಯನ್ನು ತೊಳೆದು, ಕೊನೆಗೆ ಅದು ಕೂಡಲಸಂಗಮವನ್ನು ಮುಟ್ಟುತ್ತದೆ.

ಸಂಗಮದಲ್ಲಿ ಈಗ ನದಿ ಹಿಂದಿನಂತೆ ಹರಿದು ಕೂಡುವುದಿಲ್ಲ. ಕೆಳಗೆ ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದ ಪೂರ್ಣಮಟ್ಟ 492.25 ಮೀಟರ್; ಸಂಗಮದ ನೆಲಕ್ಕಿಂತ ನಾಲ್ಕು ಮೀಟರಿಗೂ ಹೆಚ್ಚು. ಜಲಾಶಯ ತುಂಬಿದಾಗ ಹಿನ್ನೀರು ಸಂಗಮವನ್ನು ದಾಟಿ ಎರಡೂ ನದಿಗಳ ಪಾತ್ರದೊಳಕ್ಕೆ ಏರಿ ನಿಲ್ಲುತ್ತದೆ. ಮಲಪ್ರಭೆಯ ಕೊನೆಯ ಹರದಾರಿಗಳಲ್ಲಿ ನೀರಿನ ಎತ್ತರವನ್ನು ನಿರ್ಧರಿಸುವುದು ಕಣಕುಂಬಿಯ ಮಳೆಯೊಂದೇ ಅಲ್ಲ, ನಾರಾಯಣಪುರದ ಬಾಗಿಲುಗಳೂ ಹೌದು. ಬಸವಣ್ಣನವರ ಐಕ್ಯಸ್ಥಳ ಈ ಹಿನ್ನೀರಿನಲ್ಲಿ ಮುಳುಗದಿರಲೆಂದು ಸುತ್ತಲೂ ಬಾವಿಯಂತೆ ದುಂಡಗಿನ ಎತ್ತರದ ಗೋಡೆ ಕಟ್ಟಲಾಗಿದೆ. ದರ್ಶನಕ್ಕೆ ಬಂದವರು ಸೇತುವೆಯ ಮೇಲಿನಿಂದ ಬಂದು ಮೆಟ್ಟಿಲುಗಳನ್ನು ಇಳಿಯುತ್ತಾರೆ. ಒಳಗೆ ಹಳೆಯ ನೆಲಮಟ್ಟದಲ್ಲಿ ಮಂಟಪ, ಹೊರಗೆ ಅವರ ತಲೆಗಿಂತ ಎತ್ತರದಲ್ಲಿ ಗೋಡೆಗೆ ತಾಗಿ ನಿಂತ ಎರಡು ನದಿಗಳ ನೀರು.